ಹುಂಜಕ್ಕೆ ಸ್ನಾನವಷ್ಟೇ ಸಾಲದು

ತಾಳವಾಡಿ ಬೆಟ್ಟದ ಹಳ್ಳಿಗಳಲ್ಲಿ ಹಿತ್ತಲ ಕೋಳಿ ಎಂದರೆ ಹೆಂಗಸರ ಕೈಗಾಸು. ಹಬ್ಬದ ಖರ್ಚಿಗೆ, ಮಕ್ಕಳ ಪುಸ್ತಕಕ್ಕೆ, ಬಂದ ನೆಂಟರಿಗೆ ಅದೇ ಆಧಾರ. ಅಂದದ ಹುಂಜಕ್ಕೆ, ಅದರಲ್ಲೂ ಗಿಳಿಮೂಗಿನ ಅಸೀಲ್ ತಳಿಗೆ ತಮಿಳುನಾಡಿನಲ್ಲಿ ಒಳ್ಳೆಯ ಬೇಡಿಕೆಯಿದೆ. ದಿಂಡಿಗಲ್ ಕಡೆ ಇದರ ಪ್ರದರ್ಶನಗಳೇ ನಡೆದಿವೆ. ಕಾಳಗಕ್ಕೆ ಬಿಡುವುದು ಅಪರಾಧ, ಅಂದಕ್ಕೆ ಸಾಕಿ ತೋರಿಸುವುದು ತಪ್ಪಲ್ಲ. ಆದರೆ ಪ್ರದರ್ಶನಕ್ಕೋ ಸಂತೆಗೋ ಹೋಗಿ ಬಂದ ಒಂದೇ ಹುಂಜ ಹಿತ್ತಲನ್ನೇ ಬರಿದು ಮಾಡಬಲ್ಲದು ಎಂಬುದನ್ನು ಸಾಕುವವರು ಮರೆಯಬಾರದು.

ಕನ್ನಡದ ಮನೆಗಳಲ್ಲಿ ಕೊಕ್ಕರೆ ರೋಗ, ತಮಿಳಿನಲ್ಲಿ ವೆಳ್ಳೈ ಕಳಿಚ್ಚಲ್, ಡಾಕ್ಟರ ಬಾಯಲ್ಲಿ ರಾಣಿಖೇತ್. ಹೆಸರು ಮೂರು, ರೋಗ ಒಂದೇ. ಕೋಳಿ ತೂಕಡಿಸುತ್ತೆ, ಹಸಿರು-ಬಿಳಿ ನೀರಾಗಿ ಕಕ್ಕ ಹಾಕುತ್ತೆ, ಉಸಿರಿಗೆ ಬಾಯಿ ತೆರೆಯುತ್ತೆ, ಕತ್ತು ತಿರುಚುತ್ತೆ. ಬಂದ ಮೇಲೆ ಮದ್ದಿಲ್ಲ. ಮೊದಲೇ ಹಾಕಿಸುವ ಲಸಿಕೆಯೊಂದೇ ದಾರಿ. ಮರಿಗೆ ಮೊದಲ ವಾರದಲ್ಲಿ ಕಣ್ಣು-ಮೂಗಿಗೆ ಹನಿ, 8 ವಾರ ತುಂಬಿದ ಮೇಲೆ ರೆಕ್ಕೆಯಡಿ ಚುಚ್ಚುಮದ್ದು. ‘ನಾಟಿ ಕೋಳಿ ಗಟ್ಟಿ, ಅದಕ್ಕೇನಾಗುತ್ತೆ ಬಿಡಿ’ ಎನ್ನುವ ಮಾತೇ ಎಷ್ಟೋ ಹಿತ್ತಲುಗಳನ್ನು ಹಾಳು ಮಾಡಿದೆ.

ಹುಂಜವನ್ನು ಅಣಿಗೊಳಿಸುವುದೂ ಆರೋಗ್ಯ ನೋಡುವ ಕೆಲಸವೇ. ಹೊರಡುವ ಎರಡು-ಮೂರು ದಿನ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಮೀಯಿಸಿ, ನೆರಳಲ್ಲಿ ಪೂರ್ತಿ ಒಣಗಿಸಬೇಕು. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಕಾಲು ತಿಕ್ಕಿ, ಜುಟ್ಟಿಗೂ ಕಾಲಿಗೂ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಆಗಲೇ ರೆಕ್ಕೆಯಡಿ, ಬಾಲದ ಬುಡದಲ್ಲಿ ಹೇನು ಹುಡುಕಬೇಕು. ಹೇನು ಕಂಡರೆ ಹೊಲಕ್ಕೆ ಹೊಡೆಯುವ ಔಷಧಿ ಸುರಿಯಬಾರದು, ಪಶುವೈದ್ಯರನ್ನು ಕೇಳಬೇಕು.

ಇದಕ್ಕಿಂತ ಮುಖ್ಯವಾದದ್ದು ವಾಪಸು ಬಂದ ಮೇಲಿನ ಎಚ್ಚರ. ಬಂದ ಹುಂಜವನ್ನು, ಹೊಸದಾಗಿ ಕೊಂಡ ಕೋಳಿಯನ್ನು ಕನಿಷ್ಠ ಎರಡು ವಾರ, ಆದರೆ ಒಂದು ತಿಂಗಳು ಬೇರೆ ಕಡೆ ಕಟ್ಟಬೇಕು. ಮೇವು-ನೀರು ಮೊದಲು ಮನೆಯ ಕೋಳಿಗೆ, ಆಮೇಲೆ ಅದಕ್ಕೆ. ರೋಗ ಕೋಳಿಯ ಜತೆಯಷ್ಟೇ ಅಲ್ಲ, ಚಪ್ಪಲಿ, ಪಂಜರ, ಮೇವಿನ ಚೀಲದಲ್ಲೂ ಬರುತ್ತೆ. ಪಂಜರ ತೊಳೆದು ಬಿಸಿಲಿಗಿಡಬೇಕು. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಕೋಳಿಗಳು ಒಟ್ಟೊಟ್ಟಿಗೆ ಸತ್ತರೆ ಮುಚ್ಚಿಡುವುದು ಬೇಡ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟು ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲಬೇಕಾಯಿತು. ಹಕ್ಕಿಜ್ವರದಲ್ಲಿ ಸರ್ಕಾರ ಕೊಲ್ಲಿಸಿದ ಕೋಳಿಗೆ ಪರಿಹಾರ ಉಂಟು, ತಾನಾಗಿ ಸತ್ತದ್ದಕ್ಕಿಲ್ಲ. ಬೇಗ ತಿಳಿಸಿದವರಿಗೇ ಲಾಭ.

ತಮಿಳುನಾಡು ಪಶುಪಾಲನಾ ಇಲಾಖೆ ಫೆಬ್ರುವರಿಯಲ್ಲಿ ಹಿತ್ತಲ ಕೋಳಿಗಳಿಗೆ ಉಚಿತ ಲಸಿಕಾ ಶಿಬಿರ ನಡೆಸುತ್ತ ಬಂದಿದೆ. ದಿಂಬಂನ 27 ತಿರುವು ಹತ್ತಿ ಬರುವ ಲಸಿಕೆ ತಣ್ಣಗೇ ತಲುಪಬೇಕು, ಅದರ ಸುದ್ದಿ ಕನ್ನಡದಲ್ಲೂ ತಲುಪಬೇಕು. ಮನೆಮಾತು ಕನ್ನಡವಾದ ಈ ಊರುಗಳಲ್ಲಿ ಎರಡೂ ಭಾಷೆಯಲ್ಲಿ ಡಂಗುರ ಸಾರಿದರೆ, ಕರಪತ್ರ ಹಂಚಿದರೆ ಇಲಾಖೆಗೆ ದೊಡ್ಡ ಖರ್ಚೇನೂ ಇಲ್ಲ. ಜನರೂ ಶಿಬಿರದ ದಿನ ಬೆಳಿಗ್ಗೆ ಕೋಳಿಯನ್ನು ಬಿಡದೆ ಪಂಜರದಲ್ಲೇ ಇಟ್ಟುಕೊಂಡಿರಬೇಕು. ರೋಗಕ್ಕೆ ಚೆಕ್‌ಪೋಸ್ಟ್ ಇಲ್ಲ. ಅದನ್ನು ತಡೆಯುವ ಗೇಟು ಪ್ರತಿ ಮನೆಯ ಹಿತ್ತಲಲ್ಲೇ ಇರಬೇಕು.