ಸೀಸದಕಡ್ಡಿಯೂ ಮನಸ್ಸಿನ ಪಡಿಯಚ್ಚೂ

ಹೋದ ವರ್ಷದ ಬೇಸಿಗೆಯಲ್ಲಿ ನಮ್ಮ ಭಾಗದ ಮಠವೊಂದರ ಪ್ರಸಾದ ನಿಲಯದಲ್ಲಿ ಮಕ್ಕಳಿಗಾಗಿ ಹತ್ತು ದಿನಗಳ ಶಿಬಿರ ಏರ್ಪಟ್ಟಿತ್ತು. ಮಧ್ಯಾಹ್ನದ ಪ್ರಸಾದವಾದ ಮೇಲೆ ಒಂದು ತಾಸು ಹಳೆಯ ಕಾವ್ಯಗಳ ಕಥೆಗಳನ್ನು ಹೇಳುವ ಕೆಲಸವನ್ನು ನಮಗೆ ಒಪ್ಪಿಸಿದ್ದರು. ನಾಲ್ಕನೆಯ ದಿನ ನಾವು ಹೋದಾಗ ಚಿತ್ರಕಲೆಯ ಮಾಸ್ತರರ ಪಾಠವಿನ್ನೂ ನಡೆದಿತ್ತು. ಮಕ್ಕಳೆಲ್ಲ ನೆಲದ ಮೇಲೆ ಬೋರಲಾಗಿ ಮಲಗಿ ಬಿಳಿಯ ಹಾಳೆಗಳ ಮೇಲೆ ಏನನ್ನೋ ಬರೆಯುತ್ತಿದ್ದರು. ಮಾಸ್ತರರು ಹೇಳಿದ್ದು ಇಷ್ಟೇ: ಒಬ್ಬ ವಿಜ್ಞಾನಿಯನ್ನು, ಶಸ್ತ್ರಚಿಕಿತ್ಸೆ ಮಾಡುವ ಒಬ್ಬ ಡಾಕ್ಟರನ್ನು, ಒಬ್ಬ ರೈತನನ್ನು ಬರೆಯಿರಿ, ಪಕ್ಕದವರದನ್ನು ನೋಡಬೇಡಿರಿ. ಸುಮ್ಮನೆ ಕುಳಿತಿದ್ದ ನಮ್ಮನ್ನು ಕಂಡು ಮಕ್ಕಳು "ಅಜ್ಜಾರೂ ಬರೀಲಿ, ಅಜ್ಜಾರೂ ಬರೀಲಿ" ಎಂದು ಕೂಗಿದರು. ಐವತ್ತು ವರ್ಷಗಳಿಂದ ಅಕ್ಷರವನ್ನಲ್ಲದೆ ಮತ್ತೇನನ್ನೂ ಬರೆಯದ ಈ ಕೈಗೂ ಒಂದು ಸೀಸದಕಡ್ಡಿ ಬಂದಿತು. ಅಂದು ನಾವು ಬರೆದ ಚಿತ್ರದ ಕಥೆಯನ್ನು ಆಮೇಲೆ ಹೇಳುತ್ತೇವೆ. ಮೊದಲು ಈ ಆಟದ ಹಿನ್ನೆಲೆಯನ್ನು ಓದುಗರ ಮುಂದಿಡುವುದು ಒಳಿತು.

ಆಂಗ್ಲರು 'ಸ್ಟೀರಿಯೋಟೈಪ್' ಎನ್ನುವ ಮಾತು ಮೂಲತಃ ಮುದ್ರಣಾಲಯದ್ದು. ಜೋಡಿಸಿದ ಮೊಳೆಗಳ ಪುಟದಿಂದ ಅಚ್ಚು ತೆಗೆದು, ಅದರಲ್ಲಿ ಸೀಸವನ್ನು ಎರಕ ಹೊಯ್ದು, ಇಡಿಯ ಪುಟವನ್ನೇ ಒಂದು ಫಲಕವನ್ನಾಗಿ ಮಾಡಿಕೊಳ್ಳುತ್ತಿದ್ದರು. ಮತ್ತೆ ಮತ್ತೆ ಮೊಳೆ ಜೋಡಿಸುವ ಶ್ರಮ ಉಳಿಯುತ್ತಿತ್ತು. ಆದರೆ ಒಂದು ಅಕ್ಷರ ತಪ್ಪಿದ್ದರೂ ಅದನ್ನು ತಿದ್ದುವುದು ಸುಲಭವಾಗಿರಲಿಲ್ಲ. ಕನ್ನಡದಲ್ಲಿ ಇದಕ್ಕೆ ಪಡಿಯಚ್ಚು ಎಂಬ ಸೊಗಸಾದ ಶಬ್ದವಿದೆ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಎಂಬವರು 1922ರಲ್ಲಿ ಪ್ರಕಟಿಸಿದ ಸಾರ್ವಜನಿಕ ಅಭಿಪ್ರಾಯವನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ಮಾತನ್ನು ಮನಸ್ಸಿಗೆ ಅನ್ವಯಿಸಿದರು. ನಾವು ಮನುಷ್ಯನನ್ನು ಕಂಡು ಆಮೇಲೆ ಅವನ ಬಗೆಗೆ ಅಭಿಪ್ರಾಯ ತಾಳುವುದಿಲ್ಲ. ತಲೆಯೊಳಗೆ ಮೊದಲೇ ಸಿದ್ಧವಾಗಿರುವ ಚಿತ್ರವನ್ನು ಅವನ ಮುಖಕ್ಕೆ ಅಂಟಿಸುತ್ತೇವೆ ಎಂಬುದು ಅವರ ವಾದದ ತಾತ್ಪರ್ಯ.

ಆ ತಲೆಯೊಳಗಿನ ಚಿತ್ರವನ್ನು ಹಾಳೆಯ ಮೇಲೆ ಇಳಿಸಿ ನೋಡುವ ಉಪಾಯವನ್ನು ವಿದ್ವಾಂಸರೊಬ್ಬರು ಕಂಡುಕೊಂಡರು. ಡೇವಿಡ್ ವೇಡ್ ಚೇಂಬರ್ಸ್ ಎಂಬವರು 1966ರಿಂದ 1977ರವರೆಗೆ ಕೆನಡಾ, ಅಮೆರಿಕ, ಆಸ್ಟ್ರೇಲಿಯಾ ದೇಶಗಳ ಶಾಲೆಗಳಲ್ಲಿ 4,807 ಮಕ್ಕಳಿಂದ ವಿಜ್ಞಾನಿಯ ಚಿತ್ರ ಬರೆಯಿಸಿ, ಫಲಿತಾಂಶವನ್ನು 1983ರಲ್ಲಿ ಪ್ರಕಟಿಸಿದರು. ಬಿಳಿಯ ಅಂಗಿ, ಕನ್ನಡಕ, ಗಡ್ಡ ಮೀಸೆ, ಗಾಜಿನ ಪಾತ್ರೆಗಳು, ಪುಸ್ತಕಗಳು ಇಂತಹ ಏಳು ಬಗೆಯ ಗುರುತುಗಳನ್ನು ಅವರು ಎಣಿಸಿದರು. ಆ ಅಷ್ಟೂ ಚಿತ್ರಗಳಲ್ಲಿ ಹೆಣ್ಣು ವಿಜ್ಞಾನಿ ಇದ್ದವು ಕೇವಲ 28. ಆ ಇಪ್ಪತ್ತೆಂಟನ್ನೂ ಬರೆದವರು ಹೆಣ್ಣುಮಕ್ಕಳೇ! ಒಬ್ಬ ಗಂಡುಹುಡುಗನೂ ಹೆಣ್ಣನ್ನು ವಿಜ್ಞಾನಿಯಾಗಿ ಕಂಡಿರಲಿಲ್ಲ. ಇನ್ನೂ ವಿಚಾರಾರ್ಹವಾದುದೆಂದರೆ, ತೀರ ಚಿಕ್ಕ ಮಕ್ಕಳ ಚಿತ್ರಗಳಲ್ಲಿ ಈ ಗುರುತುಗಳು ಇರಲಿಲ್ಲವೆಂದೇ ಹೇಳಬೇಕು. ಎರಡು ಮೂರನೆಯ ತರಗತಿಗಳಿಗೆ ಬರುವಷ್ಟರಲ್ಲಿ ಬೇರೂರತೊಡಗಿದ್ದವು. ಅಮೆರಿಕದ ಮಕ್ಕಳ ಮೇಲೆ ಐದು ದಶಕಗಳಲ್ಲಿ ನಡೆದ ಇಂತಹ 78 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪರಿಶೀಲಿಸಿದವರು ಕಂಡದ್ದೂ ಅದನ್ನೇ. ಕಾಲ ಕಳೆದಂತೆ ಹೆಣ್ಣು ವಿಜ್ಞಾನಿಗಳ ಚಿತ್ರಗಳು ಹೆಚ್ಚಿವೆ, ಸಂತೋಷ. ಆದರೆ ಐದಾರು ವರ್ಷದ ಮಕ್ಕಳು ಹೆಣ್ಣನ್ನೂ ಗಂಡನ್ನೂ ಹೆಚ್ಚುಕಡಿಮೆ ಸಮವಾಗಿ ಬರೆದರೆ, ವಯಸ್ಸು ಏರಿದಂತೆ ಗಂಡೇ ಮೇಲುಗೈಯಾಗುತ್ತಾನೆ. ಎಂದರೆ ಪಡಿಯಚ್ಚು ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಎರಕ ಹೊಯ್ದವರು ಮನೆಯವರು, ಶಾಲೆಯವರು, ಪಠ್ಯಪುಸ್ತಕದವರು, ನಾವೇ.

ಇದನ್ನು ಪರೀಕ್ಷೆಗಷ್ಟೇ ಬಿಡದೆ ಆಟವನ್ನಾಗಿಯೂ ಮಾಡಬಹುದು. 2016ರಲ್ಲಿ ಬ್ರಿಟನ್ನಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಬೆಂಕಿ ಆರಿಸುವವರು, ಶಸ್ತ್ರವೈದ್ಯರು, ಯುದ್ಧವಿಮಾನ ನಡೆಸುವವರು ಈ ಮೂವರ ಚಿತ್ರ ಬರೆಯಲು ಹೇಳಿದರು. ಬಂದ 66 ಚಿತ್ರಗಳಲ್ಲಿ 61 ಗಂಡಸರವು. ಚಿತ್ರಗಳು ಮುಗಿದ ಮೇಲೆ, ಬನ್ನಿ, ಅವರನ್ನೇ ನೋಡೋಣ ಎಂದು ಬಾಗಿಲು ತೆರೆದಾಗ ಆ ಮೂರೂ ವೃತ್ತಿಗಳ ಉಡುಪಿನಲ್ಲಿ ಒಳಗೆ ಬಂದವರು ಮೂವರು ಹೆಣ್ಣುಮಕ್ಕಳು. ಅದರ ಚಲನಚಿತ್ರವನ್ನು ನಾವು ನೋಡಿದ್ದೇವೆ. ಒಂದು ಕ್ಷಣ ಬಾಯಿ ಬಿಟ್ಟು ನೋಡಿದ ಆ ಕೂಸುಗಳ ಮುಖಭಾವಕ್ಕೆ ಸಮನಾದ ಉಪನ್ಯಾಸವನ್ನು ನಾವಂತೂ ಈವರೆಗೆ ಮಾಡಿಲ್ಲ. ಈ ಆಟದ ಮರ್ಮವಿರುವುದು ಅನುಕ್ರಮದಲ್ಲಿ. ಮೊದಲು ಬರೆಯಿಸಬೇಕು, ಆಮೇಲೆ ತೋರಿಸಬೇಕು. ಮೊದಲೇ ಬೋಧನೆ ಮಾಡಿದರೆ ಜಾಣ ಮಕ್ಕಳು ನಮಗೆ ಬೇಕಾದುದನ್ನೇ ಬರೆದುಕೊಟ್ಟು ಪಾರಾಗುತ್ತಾರೆ.

ಕನ್ನಡದಲ್ಲಿ ಈ ಆಟವಾಡಿಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ವ್ಯಾಕರಣದ ಹುಚ್ಚು ನಮ್ಮದೆಂದು ಓದುಗರು ನಗಬಾರದು. 'ವಿಜ್ಞಾನಿ' ಎಂಬ ಶಬ್ದವನ್ನು ನಾವು ಹೆಣ್ಣಿಗೂ ಗಂಡಿಗೂ ಸಮಾನವಾಗಿ ಬಳಸುತ್ತೇವೆ. 'ರೈತ' ಹಾಗಲ್ಲ, ಅಕಾರದಲ್ಲಿ ಕೊನೆಗೊಂಡು ಗಂಡಸಾಗಿ ನಿಂತುಬಿಡುತ್ತದೆ. ಶಿಕ್ಷಕ, ಚಾಲಕ, ಲೇಖಕ ಎಲ್ಲವೂ ಹೀಗೆಯೇ. ರೈತನನ್ನು ಬರೆಯಿರಿ ಎಂದಾಗಲೇ ಅರ್ಧ ಚಿತ್ರವನ್ನು ನಾವೇ ಬರೆದುಕೊಟ್ಟಂತಾಯಿತು. 'ಹೊಲ ಮಾಡುವವರು' ಎಂದರೆ ಶಬ್ದವೂ ನಿಷ್ಪಕ್ಷಪಾತ, ಗೌರವವೂ ಉಳಿಯುತ್ತದೆ. ನಮ್ಮ ಬಹುವಚನ ಇಂತಹ ಕಡೆಗೆ ಬಲು ಉಪಕಾರಿ.

ಚಿತ್ರದ ಶಕ್ತಿಯನ್ನು ಹೇಳುವಾಗ 2014ರ ಸೆಪ್ಟೆಂಬರ್ 24 ನೆನಪಾಗುತ್ತದೆ. ಮಂಗಳಯಾನ ನೌಕೆ ಮಂಗಳನ ಕಕ್ಷೆಯನ್ನು ಸೇರಿದ ದಿನ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೇಷ್ಮೆಸೀರೆಯುಟ್ಟು, ಹೂ ಮುಡಿದ ಹೆಣ್ಣುಮಕ್ಕಳು ಪರಸ್ಪರ ಅಭಿನಂದಿಸುತ್ತಿದ್ದ ಛಾಯಾಚಿತ್ರ ಜಗತ್ತಿನಲ್ಲೆಲ್ಲ ಪ್ರಚಾರವಾಯಿತು. ವಿಜ್ಞಾನಿಯೆಂದರೆ ಗಡ್ಡದ ಮುದುಕ ಎಂದುಕೊಂಡವರೆಲ್ಲ ಬೆರಗಾದರು. ಆ ಚಿತ್ರದಲ್ಲಿದ್ದವರು ವಿಜ್ಞಾನಿಗಳಲ್ಲ, ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೋ ಆಮೇಲೆ ಸ್ಪಷ್ಟಪಡಿಸಿತು. ಹಾಗೆಂದು ಚಿತ್ರ ಸುಳ್ಳಾಯಿತೆ? ಇಲ್ಲ, ಆ ಯೋಜನೆಯಲ್ಲಿ ರಿತು ಕರಿಧಾಲ್, ನಂದಿನಿ ಹರಿನಾಥ್ ಮೊದಲಾದ ಮಹಿಳಾ ವಿಜ್ಞಾನಿಗಳು ಹೊಣೆಯ ಸ್ಥಾನಗಳಲ್ಲಿಯೇ ಇದ್ದರು. ಆದರೂ ಹೂ ಮುಡಿದು ಸೀರೆಯುಟ್ಟವರೆಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದ ನಮ್ಮ ಆತುರವೂ ಒಂದು ಪಡಿಯಚ್ಚೇ ಅಲ್ಲವೆ ಎಂಬ ಸಂದೇಹ ನಮಗಿದೆ. ಒಂದನ್ನು ಒಡೆಯುವ ಭರದಲ್ಲಿ ಇನ್ನೊಂದನ್ನು ಎರಕ ಹೊಯ್ಯುತ್ತೇವೆ.

ವ್ಯಂಗ್ಯಚಿತ್ರದ ವಿಷಯದಲ್ಲಿ ಈ ಎಚ್ಚರಿಕೆ ಇಮ್ಮಡಿ ಬೇಕು. ವ್ಯಂಗ್ಯಚಿತ್ರಕಾರನಿಗೆ ಸ್ಥಳ ಅಂಗೈಯಗಲ; ನಾಲ್ಕು ಗೆರೆಗಳಲ್ಲಿ ಇವನಾರೆಂದು ತಿಳಿಯಬೇಕು. ಹೊಟ್ಟೆ ಬರೆದರೆ ಸಾಹುಕಾರ, ಜುಟ್ಟು ಬರೆದರೆ ಪುರೋಹಿತ, ಗಡ್ಡ ಬರೆದರೆ ಇಂಥ ಮತದವನು. ಮೈಸೂರಿನಲ್ಲಿ 1921ರಲ್ಲಿ ಜನಿಸಿ, ರಾಶಿಯವರ 'ಕೊರವಂಜಿ'ಗೂ ಚಿತ್ರ ಬರೆದ ಆರ್. ಕೆ. ಲಕ್ಷ್ಮಣರು ದೇಶಕ್ಕೆ ಕೊಟ್ಟ ಶ್ರೀಸಾಮಾನ್ಯನನ್ನೇ ನೋಡಿರಿ. ಧೋತರ, ಚೌಕಳಿಯ ಕೋಟು, ಬಾಯಿ ಬಿಡದ ಮುಖ. ನಾವೆಲ್ಲರೂ ಅವನಲ್ಲಿ ನಮ್ಮನ್ನು ಕಂಡೆವು. ನಮ್ಮ ಅಕ್ಕ-ತಂಗಿಯರು ಕಂಡರೋ ಇಲ್ಲವೋ ಎಂದು ನಾವಾರೂ ಕೇಳಲಿಲ್ಲ. ಮಹಾಕಲಾವಿದನನ್ನು ದೂಷಿಸುವ ಮಾತಲ್ಲ ಇದು, ಮಾಧ್ಯಮದ ಸ್ವಭಾವ. ಇನ್ನೊಂದು ಉದಾಹರಣೆ: ಸಂವಿಧಾನ ರಚನೆ ನಿಧಾನವಾಯಿತೆಂದು ಶಂಕರ್ ಅವರು 1949ರಲ್ಲಿ ಒಂದು ಚಿತ್ರ ಬರೆದಿದ್ದರು. ಬಸವನಹುಳುವಿನ ಮೇಲೆ ಅಂಬೇಡ್ಕರರು, ಹಿಂದೆ ಚಾವಟಿ ಎತ್ತಿದ ನೆಹರೂ. ಬರೆದಾಗ ಅದು ರಾಜಕೀಯ ವಿನೋದ. ಅದೇ ಚಿತ್ರ ಹನ್ನೊಂದನೆಯ ತರಗತಿಯ ಪಠ್ಯಪುಸ್ತಕದಲ್ಲಿದ್ದುದು 2012ರಲ್ಲಿ ಸಂಸತ್ತಿನಲ್ಲಿ ಕೋಲಾಹಲವೆಬ್ಬಿಸಿತು, ಕೊನೆಗೆ ಅದನ್ನು ತೆಗೆದುಹಾಕಲಾಯಿತು. ತೆಗೆದದ್ದು ಸರಿಯೆನ್ನುವವರೂ ತಪ್ಪೆನ್ನುವವರೂ ವಿದ್ವಾಂಸರಲ್ಲಿದ್ದಾರೆ. ಆ ಚಾವಟಿಯನ್ನು ಶತಮಾನಗಳಿಂದ ಬೆನ್ನಿನ ಮೇಲೆ ಕಂಡವರ ಮನೆಯ ಹುಡುಗ ತರಗತಿಯಲ್ಲಿ ಕುಳಿತು ಆ ಪುಟವನ್ನು ತೆರೆದಾಗ ಅದು ಅವನಿಗೆ ವಿನೋದವಾಗಿ ಕಾಣದು ಎಂಬಷ್ಟನ್ನು ಮಾತ್ರ ನಾವು ಹೇಳಬಲ್ಲೆವು.

ಆದಕಾರಣ ಯಾರನ್ನು ಕುರಿತು ಚಿತ್ರವೋ ಅವರೇ ಬರೆಯುವುದು ಮೇಲು. ಶರದ್ ಶರ್ಮಾ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆ ನಮ್ಮ ದೇಶದ ಹಳ್ಳಿಗಳಲ್ಲಿ ನಡೆಸಿಕೊಂಡು ಬಂದಿರುವ ಪದ್ಧತಿ ಹೀಗಿದೆ: ಚಿತ್ರಕಲೆ ತಿಳಿಯದ ಸಾಮಾನ್ಯ ಜನರೇ ತಮ್ಮ ಬದುಕಿನ ಒಂದು ಘಟನೆಯನ್ನು ನಾಲ್ಕು ಚೌಕಗಳಲ್ಲಿ ಬರೆಯುತ್ತಾರೆ. ಮೊದಲ ಚೌಕದಲ್ಲಿ ಆರಂಭ, ನಡುವಿನ ಎರಡರಲ್ಲಿ ತೊಡಕು ಮತ್ತು ತಿರುವು, ಕೊನೆಯದರಲ್ಲಿ ಮುಕ್ತಾಯ. ಅದನ್ನು ಜೆರಾಕ್ಸ್ ಮಾಡಿಸಿ ಊರಿನ ಗೋಡೆಗಳಿಗೆ ಹಚ್ಚುತ್ತಾರೆ. ಜನ ನಿಂತು ನೋಡುತ್ತಾರೆ, ವಾದಿಸುತ್ತಾರೆ. ಗೆರೆ ಸೊಟ್ಟಗಿದ್ದಷ್ಟೂ ನೋಡುವವನಿಗೆ ಇದು ನಮ್ಮವರದೇ ಕೈ ಎಂಬ ವಿಶ್ವಾಸ ಹುಟ್ಟುತ್ತದೆ. ನಮ್ಮ ಶಿಬಿರದಲ್ಲಿಯೂ ಇದನ್ನು ಮಾಡಿಸಿದರು. ಅಡುಗೆ ಕಲಿಯಬೇಕೆಂದು ಆಸೆಪಟ್ಟು ಗೆಳೆಯರಿಂದ ಹಾಸ್ಯಕ್ಕೆ ಗುರಿಯಾದ ಹುಡುಗನೊಬ್ಬ ಬರೆದ ನಾಲ್ಕು ಚೌಕಗಳನ್ನು ನೋಡಿ ದಾಸೋಹದ ಅಡುಗೆಯವರು ಅವನನ್ನು ಕರೆದು ರೊಟ್ಟಿ ಬಡಿಯಲು ಹಚ್ಚಿದರು. ಮೂರನೆಯ ರೊಟ್ಟಿ ದುಂಡಗಾಯಿತು.

ಮನೆಯಲ್ಲಿ ಆಡಲು ಇನ್ನೊಂದು ಆಟವಿದೆ. ಹಾಳೆಯನ್ನು ಮೂರು ಮಡಿಕೆ ಮಾಡಿ ಒಬ್ಬರು ತಲೆ ಬರೆದು ಮಡಚಿ ಕೊಡಬೇಕು, ಎರಡನೆಯವರು ಅದನ್ನು ನೋಡದೆ ಮೈ, ಮೂರನೆಯವರು ಕಾಲು. ಬಿಚ್ಚಿದಾಗ ಪೋಲೀಸು ಟೊಪ್ಪಿಗೆಯ ಕೆಳಗೆ ಇಳಕಲ್ಲ ಸೀರೆ, ಅದರ ಕೆಳಗೆ ಬೂಟು! ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಕ್ಕ ಮೇಲೆ, ಇಂಥವರು ಇರಬಾರದೇಕೆ ಎಂದು ಹಿರಿಯರೊಬ್ಬರು ಮೆಲ್ಲನೆ ಕೇಳಿದರೆ ಸಾಕು.

ಇನ್ನು ನಮ್ಮ ಚಿತ್ರದ ಕಥೆ. ಮಾಸ್ತರರು ಹೇಳಿದಂತೆ ನಾವು ರೈತನನ್ನು ಬರೆದೆವು. ತಲೆಗೆ ರುಮಾಲು, ಹೆಗಲಿಗೆ ಬಾರಕೋಲು, ಹುರಿಮೀಸೆ. ಚೆನ್ನಾಗಿಯೇ ಬಂದಿತ್ತೆಂದು ಒಳಗೊಳಗೇ ಹೆಮ್ಮೆಪಟ್ಟೆವು. ಆರನೆಯ ಇಯತ್ತೆಯ ಬಾಲಕಿಯೊಬ್ಬಳು ಪಕ್ಕದಲ್ಲಿ ಬಂದು ಕುಳಿತು, "ಅಜ್ಜಾರ, ನಿಮ್ಮ ಮನಿ ಹೊಲ ಯಾರು ಮಾಡ್ತಿದ್ರು?" ಎಂದು ಕೇಳಿದಳು.

"ನಮ್ಮವ್ವ, ತಂಗಿ."

"ಮತ್ತ ಈ ರುಮಾಲು ಯಾರದ್ರಿ?"

ನಮಗೆ ಉತ್ತರ ಹೊಳೆಯಲಿಲ್ಲ. ನಮ್ಮ ತಂದೆಯವರು ತೀರಿಕೊಂಡಾಗ ನಾವು ನಾಲ್ಕು ವರ್ಷದವರು. ಎರಡು ಎಕರೆ ಎರೆಹೊಲವನ್ನು ಅವ್ವ ಒಬ್ಬಳೇ ಮಾಡಿ, ಕಾಳು ಮಾರಿ, ನಮ್ಮನ್ನು ಮಠದ ಸಂಸ್ಕೃತ ಪಾಠಶಾಲೆಗೆ ಸೇರಿಸಿದಳು. ಬಿತ್ತಿಗೆಯ ದಿನ ಬಾಡಿಗೆಯ ಎತ್ತು ಹೊಡೆಯುವವನು ಮುಂದೆ. ಉಡಿಯಲ್ಲಿ ಜೋಳ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡುತ್ತ ಅವ್ವ ಹಿಂದೆ. ಕಾಳು ಒಂದೇ ಸಮ ಬೀಳಬೇಕು. ಬೆರಳು ಸಡಿಲಾದರೆ ಬೆಳೆ ಒತ್ತಾಗುತ್ತದೆ, ಬಿಗಿಯಾದರೆ ತೆಳುವಾಗುತ್ತದೆ. ಬಿತ್ತುವವಳು ಅವಳೇ. ನಾವು ಮಾತ್ರ ಅರವತ್ತು ದಾಟಿದ ಮೇಲೆ ಎತ್ತು ಹೊಡೆಯುವವನನ್ನು ರೈತನೆಂದು ಬರೆದು ಕುಳಿತಿದ್ದೆವು.

ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡೆವು. ಅಂದು ಕಥೆ ಹೇಳುವುದಾಗಲಿಲ್ಲ. ಅವ್ವನ ಮುಖ ಎಷ್ಟು ಯತ್ನಿಸಿದರೂ ಗೆರೆಗೆ ಬಾರದಿರಲು ಬೆನ್ನ ಕಡೆಯಿಂದಲೇ ಬರೆದೆವು: ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ, ತುಂಬಿದ ಉಡಿ, ಬಟ್ಟಲ ಮೇಲೆ ಚಾಚಿದ ಕೈ. ಎತ್ತುಗಳು ನಾಯಿಗಳಂತೆ ಕಾಣುತ್ತವೆಂದು ಮಕ್ಕಳು ನಕ್ಕರು. ಆ ಬಾಲಕಿ ಮಾತ್ರ ನಗದೆ ಬಹಳ ಹೊತ್ತು ನೋಡಿ, "ಕೈ ಸಣ್ಣದಾತು, ಅಜ್ಜಾರ" ಎಂದಳು. ಸೀಸದಕಡ್ಡಿಯನ್ನು ಅವಳ ಕೈಗೇ ಕೊಟ್ಟೆವು.