ಗೋಡೆ ಮರದ್ದು, ಬುಡ ಜೆಸಿಬಿದು

ವಾರಕ್ಕೊಂದಾದರೂ ಇಂಥ ಮೇಲ್ ಬಂದು ಬೀಳುತ್ತೆ. ಪಶ್ಚಿಮ ಘಟ್ಟದ ಯಾವುದೋ ಗುಡ್ಡ, ಸುತ್ತ ಮಂಜು, ಮಂಜಿನ ಮಧ್ಯೆ ಗಾಜು-ಮರದ ಕಾಟೇಜು, ಅದರ ಡೆಕ್ ಮೇಲೆ ಪದ್ಮಾಸನ ಹಾಕಿ ಕೂತ ಮಾಡೆಲ್ಲು. ಕೆಳಗೆ ಹಸಿರು ಅಕ್ಷರದಲ್ಲಿ "ಪ್ರಕೃತಿಯ ಮಡಿಲಲ್ಲಿ ಸಸ್ಟೈನಬಲ್ ಯೋಗ ರಿಟ್ರೀಟ್, ಪೂರ್ತಿ ಮರದ್ದು". ಮೂರು ರಾತ್ರಿಯ ರೇಟು ನನ್ನ ಮೊದಲ ತಿಂಗಳ ಸಂಬಳಕ್ಕಿಂತ ಜಾಸ್ತಿ! ಇರ್ಲಿ, ದುಡ್ಡಿದ್ದವರು ಹೋಗ್ತಾರೆ. ನನ್ನ ತಕರಾರು ರೇಟಿನ ಬಗ್ಗೆ ಅಲ್ಲ, ಆ "ಸಸ್ಟೈನಬಲ್" ಅನ್ನೋ ಪದದ ಬಗ್ಗೆ.

ಮೊದಲು ಮರದ ಪರವಾಗಿ ನ್ಯಾಯವಾಗಿ ಹೇಳಿಬಿಡ್ತೀನಿ. ಸಿಮೆಂಟಿಗಿಂತ ಮರ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಒಣಗಿದ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಇಂಗಾಲ. ಅಂದ್ರೆ ಒಂದು ಟನ್ ಒಣಮರ ಸುಮಾರು 1.8 ಟನ್ ಕಾರ್ಬನ್ ಡೈಆಕ್ಸೈಡನ್ನ ಹಿಡಿದಿಟ್ಟುಕೊಂಡಿರುತ್ತೆ. ಕಡಿದ ಜಾಗದಲ್ಲಿ ಮತ್ತೆ ಗಿಡ ಬೆಳೆಸಿದರೆ ಲೆಕ್ಕ ಇನ್ನೂ ಚೆನ್ನಾಗಿರುತ್ತೆ. ಸರಿ.

ಈಗ ಅದೇ ಲೆಕ್ಕವನ್ನ ಮುಂದುವರಿಸೋಣ. ಇಂಥ ರಿಟ್ರೀಟ್‌ಗಳು ವಿದೇಶಿ ಅತಿಥಿಗಳ ಮೇಲೂ ಕಣ್ಣಿಟ್ಟಿರ್ತವೆ. ಲಂಡನ್ನಿನಿಂದ ಬೆಂಗಳೂರಿಗೆ ಬಂದು ಹೋದರೆ ಸುಮಾರು 16,000 ಕಿ.ಮೀ. ಕಿಲೋಮೀಟರಿಗೆ ತಲೆಗೆ 100 ಗ್ರಾಂ ಅಂತ ಹಿಡಿದರೂ 1.6 ಟನ್ ಆಯ್ತು. ಚಾವಣಿಯ ಒಂದು ಟನ್ ಮರ ಹಿಡಿದಿಟ್ಟಿದ್ದನ್ನ ಒಬ್ಬನೇ ಅತಿಥಿ ಒಂದು ಟ್ರಿಪ್ಪಿನಲ್ಲಿ ಹೆಚ್ಚುಕಮ್ಮಿ ಮುಗಿಸಿಬಿಟ್ಟ. ಮರ ಎಷ್ಟು ಪುಣ್ಯ ಅಂತ ಮಾಡುತ್ತೆ ಪಾಪ!

ಇದೂ ಹೋಗ್ಲಿ. ಅಸಲಿ ವಿಷಯ ಇರೋದು ಗೋಡೆಯಲ್ಲಲ್ಲ, ನೆಲದಲ್ಲಿ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಫ್ರಂಟ್ ಎಂಡ್ ಮಾತ್ರ ಮರದ್ದು, ಬ್ಯಾಕ್ ಎಂಡ್ ಪೂರ್ತಿ ಜೆಸಿಬಿ :)

ಗುಡ್ಡದ ಮೇಲೆ "ವ್ಯೂ" ಬೇಕು ಅಂದ್ರೆ ಕಾರು ಅಲ್ಲೀವರೆಗೆ ಹೋಗಬೇಕು. ಅದಕ್ಕೆ ರಸ್ತೆ. ರಸ್ತೆಗೆ ಇಳಿಜಾರು ಕಡಿಯಬೇಕು. ಪಾರ್ಕಿಂಗಿಗೆ ಮಟ್ಟಸ ಮಾಡಬೇಕು. ಮೇಲಿನ ಮಣ್ಣಿನ ಭಾರವನ್ನ ತಡೆದು ನಿಂತಿರೋದೇ ಇಳಿಜಾರಿನ ಬುಡ. ಅದನ್ನೇ ಕತ್ತರಿಸಿದರೆ, ಮಳೆಗಾಲದಲ್ಲಿ ನೀರು ಕುಡಿದು ಭಾರವಾದ ಮಣ್ಣು ಯಾವುದನ್ನ ಹಿಡ್ಕೊಂಡು ನಿಲ್ಲಬೇಕು? ಮೇಲಿಂದ ಈಜುಕೊಳ, ಇಂಗುಗುಂಡಿ ಬೇರೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಸಾಲಾಗಿ ಜಾರಿದ್ದು ನೆನಪಿದೆಯಲ್ಲ? 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಜನ ಸತ್ತರು. ಎರಡೇ ವಾರದಲ್ಲಿ, ಜುಲೈ 30ಕ್ಕೆ, ವಯನಾಡಿನ ಮುಂಡಕ್ಕೈ-ಚೂರಲ್‌ಮಲೆ. ಎಲ್ಲಾ ಕಡೆ ಕಾರಣ ರೆಸಾರ್ಟೇ ಅಂತ ನಾನು ಹೇಳ್ತಿಲ್ಲ. ಆದರೆ ಇಷ್ಟೆಲ್ಲಾ ನೋಡಿದ ಮೇಲೂ ಅದೇ ಥರದ ಇಳಿಜಾರಿನಲ್ಲಿ ಜಾಗ ಆರಿಸಿಕೊಂಡು ಬೋರ್ಡಿಗೆ ಹಸಿರು ಬಳಿಯೋದಕ್ಕೆ ಏನನ್ನಬೇಕು?

ಇನ್ನು ನೀರು. ವರ್ಷಕ್ಕೆ 3,000 ಮಿ.ಮೀ. ಮಳೆ ಬೀಳೋ ಊರು ಅಂದುಕೊಳ್ಳಿ. 1,000 ಚದರಡಿ ಚಾವಣಿಗೆ ಬೀಳೋ ನೀರು ಸುಮಾರು 2.8 ಲಕ್ಷ ಲೀಟರ್. ಒಂದು ಹನಿ ಬಿಡದೆ ಹಿಡಿದಿಟ್ಟರೂ, 20 ಜನ ಅತಿಥಿಗಳು ತಲೆಗೆ 150 ಲೀಟರಿನಂತೆ ಬಳಸಿದರೆ 93 ದಿನಕ್ಕೆ ಖಾಲಿ. ಮಳೆ ನಿಂತ ಮೇಲೆ ಮುಂದಿನ ಮಳೆಗೆ ಆರು ತಿಂಗಳು. ಉಳಿದ ನೀರು ಎಲ್ಲಿಂದ ಬರುತ್ತೆ? ಬೋರಿಂದ, ಇಲ್ಲಾ ಕೆಳಗಿನ ತೋಟದವರು ನಂಬಿಕೊಂಡಿರೋ ಹಳ್ಳದಿಂದ. ಬ್ರೋಷರಿನಲ್ಲಿ "ಮಳೆನೀರು ಕೊಯ್ಲು" ಅಂತ ಒಂದು ಸಾಲು ಇರುತ್ತೆ, ಟ್ಯಾಂಕಿನ ಅಳತೆ ಮಾತ್ರ ಇರಲ್ಲ.

ಮರವನ್ನಾದರೂ ಸರಿಯಾಗಿ ಬಳಸ್ತಾರಾ? ಮಲೆನಾಡಿನ ಹಳೇ ಮನೆಗಳನ್ನ ನೋಡಿ. ಕಂಬದ ಬುಡಕ್ಕೆ ಕಲ್ಲು, ಮರ ಮಣ್ಣಿಗೆ ತಾಗೋದೇ ಇಲ್ಲ. ಸೂರು ಮುಂದಕ್ಕೆ ಚಾಚಿ ತಗ್ಗಾಗಿ ಇಳಿದಿರುತ್ತೆ. ಮಳೆ ಹಿಡಿಯೋ ಮುಂಚೆ ಎರಚಲು ಹೊಡೆಯೋ ಕಡೆಗೆ ಸೋಗೆಯ ತಟ್ಟಿ ಕಟ್ತಾರೆ. ಇದರ ಹಿಂದಿರೋ ವಿಜ್ಞಾನ ಸರಳ: ಮರದೊಳಗಿನ ತೇವ ಶೇಕಡಾ 20 ದಾಟದಂತೆ ನೋಡಿಕೊಂಡರೆ ಬೂಷ್ಟು ಹಿಡಿದು ಕೊಳೆಯಲ್ಲ. ನಮ್ಮ ರಿಟ್ರೀಟಿನ ಡಿಸೈನರುಗಳು ಮಾಡೋದೇನು? ಆಕಾಶಕ್ಕೆ ಮೈಯೊಡ್ಡಿದ ಡೆಕ್ಕು, ಪಶ್ಚಿಮದ ಮಳೆಗೆ ಎದುರಾಗಿ ಆಳೆತ್ತರದ ಗಾಜು. ಒಳಗೆ ಧಗೆ, ಅದಕ್ಕೆ ಎ.ಸಿ. ಕರೆಂಟ್ ಹೋದರೆ ಜನರೇಟರು. ಮರ ಕೊಳೆಯದಿರಲಿ ಅಂತ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ಅನ್ನೋ ರಾಸಾಯನಿಕ ಕುಡಿಸಿದ ಪೈನ್ ಮರ ಸಿಗುತ್ತೆ. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಇದನ್ನ ಹಾಕೋದನ್ನ ತಯಾರಕರೇ 2003ರ ಕೊನೆಗೆ ಕೈಬಿಟ್ಟರು. ಅದರ ತುಂಡನ್ನ ಒಲೆಗೂ ಹಾಕೋ ಹಾಗಿಲ್ಲ. ನಿಮ್ಮ ಯೋಗ ಡೆಕ್ಕಿಗೆ ಏನು ಕುಡಿಸಿದ್ದಾರೆ ಅಂತ ಬುಕ್ ಮಾಡೋ ಮುಂಚೆ ಒಮ್ಮೆ ಕೇಳಿ ನೋಡಿ.

"ಯೋಗಕ್ಕೆ ಪ್ರಕೃತಿ ಬೇಡವೇನ್ರೀ?" ಅಂತೀರಾ? ಜಗತ್ತಿಗೆ ಯೋಗ ಹೋಗಿದ್ದು ಎಲ್ಲಿಂದ ಅಂತ ಸ್ವಲ್ಪ ನೆನಪಿಸಿಕೊಳ್ಳಿ. 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಕಲಿಸಿದ್ದು ಮೈಸೂರು ಪೇಟೆಯ ನಡುವಿನ ಜಗನ್ಮೋಹನ ಅರಮನೆಯಲ್ಲಿ. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನ ಮನೆಯಲ್ಲಿ ಕಲಿಸುತ್ತಿದ್ದ ಕೋಣೆಯಲ್ಲಿ ಒಂದು ಸಲಕ್ಕೆ ಹನ್ನೆರಡು ಮಂದಿಗಷ್ಟೇ ಜಾಗ. ಅಲ್ಲಿಗೇ ದೇಶವಿದೇಶದವರು ಹುಡುಕಿಕೊಂಡು ಬಂದರು. ಕೋಲಾರದ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರರ ಸಂಸ್ಥೆ 1975ರಲ್ಲಿ ಶುರುವಾಗಿದ್ದು ಪುಣೆ ಶಹರದೊಳಗೆ. ಆಸನಕ್ಕೆ ಬೇಕಾಗಿರೋದು ಆರಡಿ ಉದ್ದ, ಎರಡಡಿ ಅಗಲದ ಜಾಗ. ಗುಡ್ಡ ಬೇಕಾಗಿರೋದು ಫೋಟೋಗೆ!

ಹಾಗಾದ್ರೆ ಕಟ್ಟಲೇಬಾರದಾ? ಕಟ್ಟಿ. ಆದರೆ ಮುಟ್ಟದ ಗುಡ್ಡ ಬಿಟ್ಟು, ಈಗಾಗಲೇ ಮಟ್ಟಸವಾಗಿರೋ ಜಾಗ ಹುಡುಕಿ. ಊರೂರಲ್ಲಿ ಬೀಗ ಬಿದ್ದ ದೊಡ್ಡ ಮನೆಗಳಿವೆ, ನಿಂತುಹೋದ ಅಕ್ಕಿ ಗಿರಣಿಗಳಿವೆ, ಕರಾವಳಿಯಲ್ಲಿ ಮುಚ್ಚಿದ ಹಂಚಿನ ಕಾರ್ಖಾನೆಗಳಿವೆ. ಮೊದಲು ಅವನ್ನ ರಿಪೇರಿ ಮಾಡಿ. ಹೊಸ ಮರ ಬೇಕಾದರೆ ತೋಟದ ಸಿಲ್ವರ್ ಓಕ್, ಹಲಸು, ನೆಟ್ಟು ಬೆಳೆಸಿದ ಅಕೇಶಿಯಾ ಇದೆ. ಬಿದಿರಿದೆ. 2017ರ ಕಾನೂನು ತಿದ್ದುಪಡಿ ಆದಮೇಲೆ ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯ್ದೆಯ ಲೆಕ್ಕದಲ್ಲಿ "ಮರ" ಅಲ್ಲ. ಚೆನ್ನಾಗಿ ಒಣಗಿಸಿ, ಬೋರಾಕ್ಸ್-ಬೋರಿಕ್ ಆಸಿಡ್ ನೀರಲ್ಲಿ ನೆನೆಸಿ, ಅಗಲವಾದ ಸೂರಿನ ಕೆಳಗಿಡಿ. ಮಳೆ ಬಿದ್ದರೆ ಬೋರಾಕ್ಸ್ ತೊಳೆದುಹೋಗುತ್ತೆ, ಅದಕ್ಕೇ ಸೂರು. ಮೊಳೆ ಬದಲು ಬೋಲ್ಟ್ ಹಾಕಿ, ನಾಳೆ ಬಿಚ್ಚಿ ಬೇರೆಡೆ ಕಟ್ಟಬಹುದು. ಈಜುಕೊಳ ಬೇಡ. ಬಸ್ಸು ಹೋಗೋ ಊರಲ್ಲಿರಲಿ.

ಸರ್ಕಾರ ನೋಡ್ಕೊಳ್ಳುತ್ತೆ ಅಂತ ಕೂರೋಕಾಗಲ್ಲ. ಗಾಡ್ಗೀಳ್ ವರದಿ ಬಂದಿದ್ದು 2011ರಲ್ಲಿ, ಕಸ್ತೂರಿರಂಗನ್ ವರದಿ 2013ರಲ್ಲಿ. ಎರಡನೆಯದನ್ನ ನಮ್ಮ ರಾಜ್ಯದ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು, ಅದೂ ಶಿರೂರಿನ ದುರಂತ ಆಗಿ ಎರಡು ತಿಂಗಳಿಗೆ! ಉಳಿದಿರೋದು ಗಿರಾಕಿಗಳಾದ ನಾವು. ಟೀಮ್ ಔಟಿಂಗ್ ಹೆಸರಲ್ಲಿ, ಸ್ಟ್ರೆಸ್ ಹೆಸರಲ್ಲಿ ಈ ಕಾಟೇಜುಗಳನ್ನ ತುಂಬಿಸ್ತಿರೋದು ಬೆಂಗಳೂರಿನ ನಮ್ಮ ಐಟಿ ಜನವೇ. ರೂಮು ಬುಕ್ ಮಾಡೋ ಮುಂಚೆ ಮೂರೇ ಪ್ರಶ್ನೆ ಕೇಳಿ: ಗುಡ್ಡ ಎಷ್ಟು ಕಡಿದಿರಿ? ಏಪ್ರಿಲ್‌ನಲ್ಲಿ ನೀರು ಎಲ್ಲಿಂದ? ಈ ಮರ ಯಾರ ತೋಟದ್ದು? ಮೂರಕ್ಕೂ ನೆಟ್ಟಗೆ ಉತ್ತರ ಕೊಟ್ಟವರ ಹತ್ತಿರ ಧಾರಾಳವಾಗಿ ಹೋಗಿ ಸೂರ್ಯ ನಮಸ್ಕಾರ ಹಾಕಿ. ಉಳಿದವರಿಗೆ ದೂರದಿಂದಲೇ ನಮಸ್ಕಾರ.