ಸತ್ಯ ಹೇಳದ ಮಾರ್ಗದರ್ಶನ

ಕಾಶಿಗೆ ಬಂದ ಕನ್ನಡಿಗರು ಹರಿಶ್ಚಂದ್ರ ಘಾಟಿನ ಮೆಟ್ಟಿಲ ಮೇಲೆ ನಿಂತು ರಾಘವಾಂಕನನ್ನು ನೆನೆಯದಿರಲಾರರು. ಮಗ್ಗುಲಲ್ಲೇ ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟ್ ಇದೆ. ಇಂದು ಅದರ ಹೆಸರು ಕರ್ನಾಟಕ ಘಾಟ್. ದಕ್ಷಿಣಕ್ಕೆ ಅಸ್ಸಿ, ಅದರಾಚೆ ಲಂಕಾ, ಅಲ್ಲಿ ಬನಾರಸ ಹಿಂದೂ ವಿಶ್ವವಿದ್ಯಾಲಯದ ಹೆಬ್ಬಾಗಿಲು. 1916ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಗಳು ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ ವರ್ಷ ಅವರು ಮೈಸೂರು ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು. ಸಿ.ಎನ್.ಆರ್. ರಾವ್, ಯು.ಆರ್. ರಾವ್ ಇಬ್ಬರೂ ಎಂ.ಎಸ್ಸಿ. ಓದಿದ್ದು ಕಾಶಿಯಲ್ಲೇ. ಹೊರನಾಡ ಕನ್ನಡಿಗರಾದ ನಾವು ಇವನ್ನೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಭಿಮಾನಕ್ಕೆ ತಕ್ಕ ಕೆಲಸವನ್ನು ಮಾತ್ರ ಮಾಡುವುದಿಲ್ಲ.

ಓದಿದ ಸಂಸ್ಥೆ ಕರೆದರೆ ನಾವು ಹೋಗುತ್ತೇವೆ, ನಿಜ. ಹಳೆಯ ವಿದ್ಯಾರ್ಥಿಗಳೆಂದು ಶಾಲು ಹೊದಿಸಿಕೊಂಡು, ಕನಸು ಕಾಣಿರಿ, ಶ್ರಮಪಡಿರಿ ಎಂದು ಉಪದೇಶಿಸಿ, ಊಟ ಮುಗಿಸಿ ಹಿಂದಿರುಗುತ್ತೇವೆ. ಕೆಲಸವಿಲ್ಲದೆ ಕಳೆದ ತಿಂಗಳುಗಳನ್ನು ಹೇಳುವುದಿಲ್ಲ. ಪರವೂರಿನಲ್ಲಿ ಮೊದಲು ಇಳಿದುಕೊಂಡ ಸೋದರಮಾವನ ಮನೆಯನ್ನು, ಪರಿಚಯಪತ್ರ ಬರೆದುಕೊಟ್ಟ ಹಿರಿಯರನ್ನು ಹೇಳುವುದಿಲ್ಲ. ಇದನ್ನು ಮಾರ್ಗದರ್ಶನವೆನ್ನಲಾಗದು, ದಾರಿಯನ್ನು ಮುಚ್ಚಿಟ್ಟು ಗುರಿಯನ್ನಷ್ಟೇ ಮೆರೆಸುವುದು.

ಈ ಘಾಟಿನಲ್ಲಿ ಶವ ಸುಡುವ ಡೋಮ ಸಮುದಾಯದ ಕಸುಬು ತಂದೆಯಿಂದ ಮಗನಿಗೆ ಇಳಿಯುತ್ತ ಬಂದಿದೆ. ಅದನ್ನು ಕಂಡು ನಾವು ಮರುಗುತ್ತೇವೆ. ನಮ್ಮ ಮನೆಗಳಲ್ಲಿ ಇಳಿದು ಬಂದಿರುವುದೇನು? ಯಾವ ಪರೀಕ್ಷೆಗೆ ಯಾವಾಗ ಅರ್ಜಿ ಹಾಕಬೇಕು, ಸಂದರ್ಶನದಲ್ಲಿ ಏನನ್ನು ಕೇಳುತ್ತಾರೆ, ಯಾರನ್ನು ಕಂಡರೆ ಕೆಲಸವಾಗುತ್ತದೆ ಎಂಬ ತಿಳಿವಳಿಕೆ. ಅದೂ ಪಿತ್ರಾರ್ಜಿತವೇ. ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಬಂದ ಹುಡುಗಿಗೆ ಅಂಕಗಳಿರಬಹುದು, ಈ ಆಸ್ತಿ ಇರುವುದಿಲ್ಲ. ನಾವದನ್ನು ನೆಂಟರಲ್ಲೇ ಹಂಚಿಕೊಳ್ಳುತ್ತ ಕುಳಿತರೆ ಕಸುಬಿನ ಹುಟ್ಟುಗಂಟನ್ನು ಬಿಗಿಗೊಳಿಸುವವರಲ್ಲಿ ನಾವೂ ಸೇರುತ್ತೇವೆ.

ತಮ್ಮನ್ನು ಯಾರೂ ಕೈಹಿಡಿಯಲಿಲ್ಲ, ಸ್ವಂತ ಬಲದಿಂದಲೇ ಮೇಲೆ ಬಂದೆವು ಎನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಅವರು ಮೊದಲ ಕೆಲಸದ ಸುದ್ದಿ ಯಾರ ಬಾಯಿಂದ ಕೇಳಿದರೆಂಬುದನ್ನು ಒಮ್ಮೆ ನೆನಪಿಸಿಕೊಳ್ಳಲಿ. ಬಿಡುವಿಲ್ಲ ಎನ್ನುವವರೂ ಇದ್ದಾರೆ. ಸಂಘದ ಪದಾಧಿಕಾರಿಗಳ ಚುನಾವಣೆಗೆ ಬಿಡುವು ಸಿಕ್ಕುವ ನಮಗೆ ಇದಕ್ಕೆ ಸಿಕ್ಕದಿರುವುದು ಹೇಗೆ?

ಕೇಳುವುದು ದೊಡ್ಡದೇನಲ್ಲ. ಒಬ್ಬೊಬ್ಬರು ಒಬ್ಬ ವಿದ್ಯಾರ್ಥಿಗೆ ವರ್ಷವಿಡೀ ತಿಂಗಳಿಗೊಂದು ಗಂಟೆ ಕೊಡೋಣ. ಬಯೋಡೇಟಾ ಓದಿ ತಿದ್ದೋಣ. ಸಂದರ್ಶನದ ಅಭ್ಯಾಸ ಮಾಡಿಸೋಣ. ಸಂಬಳವೆಷ್ಟು, ಅದರಲ್ಲಿ ಬಾಡಿಗೆಗೆ ಹೋಗುವುದೆಷ್ಟು ಎಂದು ಬಿಚ್ಚಿ ಹೇಳೋಣ. ಆಯ್ದ ದಾರಿಯಲ್ಲಿ ಕೆಲಸವಿಲ್ಲವೆಂದರೆ ಅದನ್ನೂ ಹೇಳಿ, ಬೇರೆ ದಾರಿಯನ್ನು ಜೊತೆಯಲ್ಲಿ ಹುಡುಕೋಣ. ನಮ್ಮ ಜಾತಿಯ, ನಮ್ಮ ಬಳಗದ ಮಕ್ಕಳನ್ನೇ ಆರಿಸಿಕೊಳ್ಳದೆ, ಕೇಳಲು ಸಂಕೋಚಪಡುವವರನ್ನು ಅಧ್ಯಾಪಕರ ಮೂಲಕ ಹುಡುಕಿ ಹೋಗೋಣ.

ಹರಿಶ್ಚಂದ್ರ ಮಗನ ಶವದೆದುರಿಗೂ ಹೆಂಡತಿಯಿಂದ ಸುಡುಗಾಡಿನ ಸುಂಕ ಕೇಳಿದ. ಅಷ್ಟು ಕಠಿಣವಾದ ಸತ್ಯವನ್ನು ನಮ್ಮಿಂದ ಯಾರೂ ಬಯಸುತ್ತಿಲ್ಲ. ನಾವು ನಡೆದು ಬಂದ ದಾರಿಯಲ್ಲಿ ಎಲ್ಲೆಲ್ಲಿ ಎಡವಿದೆವು, ಯಾರು ಎತ್ತಿದರು ಎಂದಿಷ್ಟು ಹೇಳಿದರೆ ಸಾಕು. ಅದನ್ನೂ ಹೇಳಲಾರದ ನಮಗೆ ಈ ಘಾಟಿನಲ್ಲಿ ಆ ರಾಜನ ಹೆಸರೆತ್ತುವ ಅಧಿಕಾರವಿಲ್ಲ.